ದೇವರನ್ನು ಬಿಡದ ವಿಚಾರವಾದಿ ರಾನಡೆ

ವಿಚಾರವಂತನಾಗಬೇಕಾದರೆ ದೇವರನ್ನು ಬಿಡಬೇಕು, ಭಕ್ತನಾಗಬೇಕಾದರೆ ವಿಚಾರವನ್ನು ಬಿಡಬೇಕು ಎಂಬ ಅಭಿಪ್ರಾಯ ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಬೇರೂರಿದೆ. ಎರಡು ಪಾಳೆಯಗಳೂ ಒಂದನ್ನೊಂದು ಅನುಮಾನದಿಂದಲೇ ನೋಡುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುಣೆ ಮತ್ತು ಮುಂಬಯಿಗಳಲ್ಲಿ ಬಾಳಿದ ಒಬ್ಬ ನ್ಯಾಯಾಧೀಶರು ಈ ಎರಡರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರಲಿಲ್ಲ. ಹಾಗಾಗಿಯೇ ಎರಡೂ ಕಡೆಯವರಿಂದ ಟೀಕೆಗೆ ಗುರಿಯಾದರು. ಅವರು ಮಹಾದೇವ ಗೋವಿಂದ ರಾನಡೆ. ಅವರ ಬದುಕನ್ನು ಇಂದು ನೆನೆಯಬೇಕಾದುದು ಅವರು ಗೆದ್ದ ಸಂದರ್ಭಗಳಿಗಾಗಿ ಮಾತ್ರವಲ್ಲ, ಸೋತ ಸಂದರ್ಭಗಳಿಗಾಗಿಯೂ ಹೌದು.

ರಾನಡೆ ಹುಟ್ಟಿದ್ದು 1842ರ ಜನವರಿ 18ರಂದು, ನಾಸಿಕ ಜಿಲ್ಲೆಯ ನಿಫಾಡದಲ್ಲಿ. ಅವರದು ಸಂಪ್ರದಾಯಸ್ಥ ಚಿತ್ಪಾವನ ಬ್ರಾಹ್ಮಣ ಮನೆತನ. ಬಾಲ್ಯ ಕಳೆದದ್ದು ಕೊಲ್ಹಾಪುರದಲ್ಲಿ, ಉನ್ನತ ವ್ಯಾಸಂಗ ನಡೆದದ್ದು ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದಿಂದ 1862ರಲ್ಲಿ ಹೊರಬಂದ ಮೊದಲ ಪದವೀಧರರ ತಂಡದಲ್ಲಿ ಅವರಿದ್ದರು. ಬಳಿಕ ಎಂ.ಎ. ಮತ್ತು ಕಾನೂನು ಪದವಿಗಳನ್ನೂ ಪಡೆದರು. ಇತಿಹಾಸ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಹಗಲಿರುಳು ಓದಿದ ಪರಿಣಾಮವಾಗಿ ಎಳೆಯ ವಯಸ್ಸಿನಲ್ಲೇ ದೃಷ್ಟಿ ದುರ್ಬಲಗೊಂಡಿತು. ಆ ತೊಂದರೆ ಜೀವನಪರ್ಯಂತ ಅವರನ್ನು ಬಿಡಲಿಲ್ಲ.

ಹೊಸ ವಿದ್ಯೆ ಕಲಿತ ಆ ತಲೆಮಾರಿನ ತರುಣರ ಎದುರಿಗೆ ಒಂದು ಎಚ್ಚರಿಕೆಯ ಉದಾಹರಣೆಯಿತ್ತು. 1849ರ ಸುಮಾರಿಗೆ ಮುಂಬಯಿಯಲ್ಲಿ ಪರಮಹಂಸ ಸಭಾ ಎಂಬ ಗುಪ್ತ ಕೂಟವೊಂದು ಹುಟ್ಟಿಕೊಂಡಿತ್ತು. ಅದರ ಸದಸ್ಯರು ಮುಚ್ಚಿದ ಬಾಗಿಲಿನ ಹಿಂದೆ ಜಾತಿನಿಯಮಗಳನ್ನು ಮುರಿದು ಸಹಭೋಜನ ಮಾಡುತ್ತಿದ್ದರು. ತಮ್ಮ ಹೆಸರುಗಳು ಬಯಲಾಗುವ ಸಂದರ್ಭ ಬಂದೊಡನೆ ಆ ಸಭೆ ಚದುರಿಹೋಯಿತು. ಮನೆಯ ಒಳಗೆ ಒಂದು ಆಚಾರ, ಹೊರಗೆ ಇನ್ನೊಂದು ಎಂಬ ಸುಧಾರಣೆ ನಿಲ್ಲಲಾರದು ಎಂಬ ಪಾಠ ಅಲ್ಲಿತ್ತು. 1867ರಲ್ಲಿ ಆತ್ಮಾರಾಮ ಪಾಂಡುರಂಗರ ನೇತೃತ್ವದಲ್ಲಿ ಪ್ರಾರ್ಥನಾ ಸಮಾಜ ಬಹಿರಂಗವಾಗಿಯೇ ಆರಂಭವಾಯಿತು. ರಾನಡೆ ಮತ್ತು ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರಕರರು ಸೇರಿದ ಮೇಲೆ ಅದಕ್ಕೆ ಗಟ್ಟಿಯಾದ ಬೌದ್ಧಿಕ ನೆಲೆ ಒದಗಿತು.

ಬಂಗಾಳದ ಬ್ರಾಹ್ಮ ಸಮಾಜದಿಂದ ಪ್ರೇರಣೆ ಪಡೆದರೂ ಪ್ರಾರ್ಥನಾ ಸಮಾಜ ಹಿಂದೂ ಸಮಾಜದಿಂದ ಸಿಡಿದು ಪ್ರತ್ಯೇಕ ಮತವಾಗಲು ಒಪ್ಪಲಿಲ್ಲ. ಏಕದೇವೋಪಾಸನೆ, ವಿಗ್ರಹಾರಾಧನೆಯ ನಿರಾಕರಣೆ, ಯಾವ ಗ್ರಂಥವನ್ನೂ ದೋಷಾತೀತವೆಂದು ಒಪ್ಪದ ನಿಲುವು ಇವು ಅದರ ತಿರುಳು. ಇದಕ್ಕೆಲ್ಲ ರಾನಡೆ ಬೇರು ಹುಡುಕಿದ್ದು ತಮ್ಮ ಮಣ್ಣಿನಲ್ಲಿಯೇ. ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮರಲ್ಲಿ. 1900ರಲ್ಲಿ ಪ್ರಕಟವಾದ ಮರಾಠರ ಉದಯದ ಇತಿಹಾಸದಲ್ಲಿಯೂ ಅವರು ಶಿವಾಜಿಯ ರಾಜ್ಯಸ್ಥಾಪನೆಯನ್ನು ಕೇವಲ ಕತ್ತಿಯ ಸಾಹಸವೆಂದು ಕಾಣದೆ, ಈ ಸಂತರು ಜನಮನದಲ್ಲಿ ತಂದ ಎಚ್ಚರದ ಫಲವೆಂದು ವಿವೇಚಿಸಿದರು. ಅವರ ದೃಷ್ಟಿಯಲ್ಲಿ ಭಕ್ತಿಯು ವಿಚಾರದ ಶತ್ರುವಲ್ಲ. ಪುರೋಹಿತಶಾಹಿಯನ್ನೂ ಹುಟ್ಟಿನ ಮೇಲರಿಮೆಯನ್ನೂ ಪ್ರಶ್ನಿಸಿದ ವಿಚಾರವೇ ಭಕ್ತಿಯ ರೂಪದಲ್ಲಿ ಬಂದಿತ್ತು.

ಇಷ್ಟು ಸ್ಪಷ್ಟವಾದ ಚಿಂತನೆಗೆ ಮೊದಲ ಕಠಿಣ ಪರೀಕ್ಷೆ ಬಂದದ್ದು ಸ್ವಂತ ಮನೆಯಲ್ಲಿ. ಆ ಕಾಲದ ದೊಡ್ಡ ಸಾಮಾಜಿಕ ಪ್ರಶ್ನೆ ವಿಧವಾ ವಿವಾಹ. 1856ರಲ್ಲಿಯೇ ಕಾನೂನು ಅದಕ್ಕೆ ಮಾನ್ಯತೆ ಕೊಟ್ಟಿದ್ದರೂ ಸಮಾಜ ಕೊಟ್ಟಿರಲಿಲ್ಲ. ವಿಷ್ಣುಶಾಸ್ತ್ರಿ ಪಂಡಿತರ ಜೊತೆಗೂಡಿ ರಾನಡೆ ಈ ಚಳವಳಿಗೆ ದುಡಿದರು, ವೇದ, ಸ್ಮೃತಿಗಳಿಂದ ಆಧಾರಗಳನ್ನು ಹೆಕ್ಕಿ ವಾದ ಕಟ್ಟಿದರು, ಬಹಿಷ್ಕಾರವನ್ನೂ ಎದುರಿಸಿದರು. ಹೀಗಿರುವಾಗ 1873ರಲ್ಲಿ ಅವರ ಪತ್ನಿ ಸಖೂಬಾಯಿ ತೀರಿಕೊಂಡರು. ರಾನಡೆಯವರಿಗೆ ಆಗ 31 ವರ್ಷ. ಅವರು ಮರುಮದುವೆಯಾಗುವುದಾದರೆ ವಿಧವೆಯನ್ನೇ ವರಿಸಬೇಕೆಂಬುದು ಸುಧಾರಕ ಮಿತ್ರರ ನಿರೀಕ್ಷೆ. ಹಾಗಾಗಿಬಿಟ್ಟೀತೆಂಬುದೇ ತಂದೆ ಗೋವಿಂದರಾಯರ ಭಯ. ಮಗನಿಗೆ ಯೋಚಿಸಲು ಸಮಯವನ್ನೂ ಕೊಡದೆ ಅವರು ಹೆಣ್ಣು ನಿಶ್ಚಯಿಸಿದರು. ಪತ್ನಿ ತೀರಿಕೊಂಡ ವರ್ಷವೇ ಮದುವೆ ನಡೆಯಿತು. ವಧುವಿಗೆ ಹನ್ನೊಂದು ವರ್ಷ. ಅಕ್ಷರ ಕಲಿಯದ ಆ ಹುಡುಗಿಯ ಹೆಸರು ರಮಾಬಾಯಿ.

ರಾನಡೆ ಪ್ರತಿಭಟಿಸಿದರು, ಕಾಲಾವಕಾಶ ಬೇಡಿದರು, ಕೊನೆಗೆ ಮಣಿದರು. ಪತ್ರಿಕೆಗಳು ಅವರನ್ನು ಲೇವಡಿ ಮಾಡಿದವು, ಮಿತ್ರರು ತಲೆತಗ್ಗಿಸಿದರು. ನೂರಾರು ಸಭೆಗಳಲ್ಲಿ ಬೆಳೆಸಿದ ವಾದವನ್ನು ತಂದೆಯ ಕಣ್ಣೀರು ಒಂದೇ ಸಂಜೆಯಲ್ಲಿ ಸೋಲಿಸಿತ್ತು. ಇದನ್ನು ಪಿತೃಭಕ್ತಿಯೆಂದು ಹೊಗಳುವವರಿದ್ದಾರೆ, ಹೇಡಿತನವೆಂದು ಜರೆಯುವವರೂ ಇದ್ದಾರೆ. ಇದು ಅವರ ಬದುಕಿನ ಒಂದು ತಪ್ಪು ಎಂದು ನೇರವಾಗಿ ಹೇಳುವುದೇ ಅವರಿಗೆ ಸಲ್ಲಿಸುವ ನ್ಯಾಯವೆಂದು ನನಗನಿಸುತ್ತದೆ. ಆ ತಪ್ಪಿನ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ತನ್ನ ಒಪ್ಪಿಗೆಯನ್ನು ಯಾರೂ ಕೇಳದ ಆ ಹುಡುಗಿಯೂ ತೆತ್ತಳು.

ಸೇವೆಗೆ ಸೇರಿದ ಹೊಸತರಲ್ಲಿ ನಾನು ಉಪವಿಭಾಗವೊಂದರಲ್ಲಿದ್ದಾಗ ಅಕ್ಷಯ ತದಿಗೆಯ ಹಿಂದಿನ ದಿನ ಬಾಲ್ಯವಿವಾಹದ ದೂರೊಂದು ಬಂದಿತು. ತಹಶೀಲ್ದಾರರೊಡನೆ ಜೀಪಿನಲ್ಲಿ ಆ ಹಳ್ಳಿಗೆ ಹೋದಾಗ ಹುಡುಗಿಯ ತಂದೆ ಶಾಲಾಮಾಸ್ತರರೆಂದು ತಿಳಿಯಿತು. ಮದುವೆಯ ವಯಸ್ಸಿನ ಕಾನೂನನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. ಹಾಸಿಗೆ ಹಿಡಿದ ತಾಯಿಯ ಕೊನೆಯಾಸೆಯೆಂದು ಹೇಳಿ ಅವರು ನೆಲ ನೋಡುತ್ತಾ ನಿಂತರು. ನಾವು ಮದುವೆ ನಿಲ್ಲಿಸಿದೆವು. ಆದರೆ ತಿಳಿವಳಿಕೆಯ ಕೊರತೆಯಿಂದಲೇ ಮೂಢಾಚಾರಗಳು ಉಳಿದಿವೆ ಎಂಬ ನನ್ನ ಪಠ್ಯಪುಸ್ತಕದ ನಂಬಿಕೆ ಅಂದು ಅಲುಗಾಡಿತು. ತಿಳಿದವರೂ ಮಣಿಯುತ್ತಾರೆ, ಪ್ರೀತಿಪಾತ್ರರ ಮುಂದೆ ಮಣಿಯುತ್ತಾರೆ. ರಾನಡೆಯವರ ಬದುಕನ್ನು ಓದುವಾಗಲೆಲ್ಲ ಆ ಮಾಸ್ತರರ ಮುಖ ನನ್ನ ಕಣ್ಣಮುಂದೆ ಬರುತ್ತದೆ.

ಮಣಿದ ಮೇಲೆ ರಾನಡೆ ಏನು ಮಾಡಿದರು ಎಂಬುದೇ ಅವರನ್ನು ಬೇರೆಯವರಿಂದ ಪ್ರತ್ಯೇಕಿಸುತ್ತದೆ. ಮದುವೆಯಾದ ಕೂಡಲೇ ಹೆಂಡತಿಗೆ ಅಕ್ಷರಾಭ್ಯಾಸ ಆರಂಭಿಸಿದರು. ಮೊದಲು ಮರಾಠಿ, ನಂತರ ಇಂಗ್ಲಿಷ್. ಮನೆಯ ಹಿರಿಯ ಹೆಂಗಸರು ಇದನ್ನು ಸಹಿಸಲಿಲ್ಲ. ಹಗಲೆಲ್ಲ ಅವರ ಚುಚ್ಚುಮಾತು ಕೇಳಿ, ರಾತ್ರಿ ಪಾಠ ಕಲಿತು ರಮಾಬಾಯಿ ಬೆಳೆದರು. 1882ರಲ್ಲಿ ಪಂಡಿತಾ ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದಾಗ ಆ ಸಭೆಗಳಿಗೆ ಹೋದರು. 1884ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ ಆರಂಭವಾದಾಗ ಅದರ ಹಿಂದೆ ದುಡಿದವರಲ್ಲಿ ರಾನಡೆಯೂ ಒಬ್ಬರು. ತಪ್ಪನ್ನು ಅಳಿಸಲು ಅವರಿಂದಾಗಲಿಲ್ಲ. ಅದರ ಜೊತೆಗೆ ಪ್ರಾಮಾಣಿಕವಾಗಿ ಬಾಳಲು ಯತ್ನಿಸಿದರು.

1871ರಿಂದ ಪುಣೆಯಲ್ಲಿ ನ್ಯಾಯಾಧೀಶರಾಗಿದ್ದ ಅವರು ಅಲ್ಲಿನ ಸಾರ್ವಜನಿಕ ಸಭೆಯ ಬೆನ್ನೆಲುಬಾಗಿದ್ದರು. ಸರ್ಕಾರಿ ಸೇವೆಯಲ್ಲಿದ್ದುಕೊಂಡೇ ಭೂಕಂದಾಯ, ಕ್ಷಾಮ, ರೈತರ ಸಾಲಗಳ ಬಗ್ಗೆ ಅಂಕಿಅಂಶಗಳ ಸಹಿತ ಬರೆದರು. 1879ರಲ್ಲಿ ವಾಸುದೇವ ಬಲವಂತ ಫಡಕೆಯವರ ಬಂಡಾಯ ನಡೆದಾಗ ಸರ್ಕಾರದ ಅನುಮಾನ ಇವರ ಮೇಲೂ ಬಿದ್ದಿತು. ದೂರದ ಧುಳೆಗೆ ವರ್ಗವಾಯಿತು. ಅವರಿಗೆ ಬರುವ ಪತ್ರಗಳ ಮೇಲೆ ಕಣ್ಣಿಡಲಾಯಿತು. ಅವರು ಗೊಣಗದೆ ಕೆಲಸ ಮಾಡಿದರು. ಅನುಮಾನ ತಾನಾಗಿಯೇ ಕರಗಿತು. ಕೊನೆಗೆ 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೂ ಆಗ ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರು 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾರತೀಯ ಅರ್ಥಶಾಸ್ತ್ರವನ್ನು ಕುರಿತು ಮಾಡಿದ ಉಪನ್ಯಾಸ ಬಹಳ ಮುಖ್ಯವೆನಿಸುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಪರಿಸ್ಥಿತಿಯಲ್ಲಿ ಕಂಡುಕೊಂಡ ಮುಕ್ತ ವ್ಯಾಪಾರದ ಸೂತ್ರಗಳನ್ನು ಆಳರಸರು ಎಲ್ಲ ದೇಶಕಾಲಗಳಿಗೂ ಸಲ್ಲುವ ಸತ್ಯವೆಂಬಂತೆ ಭಾರತದ ಮೇಲೆ ಹೇರುತ್ತಿದ್ದರು. ಅಂಥ ಸೂತ್ರಗಳು ಸಾಪೇಕ್ಷವಾದುವು, ಹಿಂದುಳಿದ ದೇಶದ ಕೈಗಾರಿಕೆಗೆ ಪ್ರಭುತ್ವದ ಆಸರೆ ಬೇಕು ಎಂಬುದು ರಾನಡೆಯವರ ವಾದ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸ್ತ್ರವಾಕ್ಯವನ್ನು ಪರೀಕ್ಷೆಗೆ ಒಡ್ಡಬೇಕೆಂದು ಧರ್ಮದ ವಿಷಯದಲ್ಲಿ ಹೇಳಿದ ವ್ಯಕ್ತಿಯೇ, ವಿಜ್ಞಾನದ ವೇಷದಲ್ಲಿ ಬಂದ ಸಿದ್ಧಾಂತವನ್ನೂ ಅದೇ ಪರೀಕ್ಷೆಗೆ ಒಡ್ಡಿದರು. ಕುರುಡು ನಂಬಿಕೆ ದೇವಾಲಯದಲ್ಲಿ ಮಾತ್ರ ಇರುತ್ತದೆಯೆಂದು ಅವರು ಭಾವಿಸಿರಲಿಲ್ಲ.

ಎರಡನೆಯ ದೊಡ್ಡ ಸೋಲು ಬಂದದ್ದು ಒಂದು ಬಟ್ಟಲು ಚಹಾದಿಂದ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನ ಕಾರ್ಯಕ್ರಮವೊಂದಕ್ಕೆ ಊರಿನ ಗಣ್ಯರು ಹೋಗಿದ್ದರು; ರಾನಡೆ, ತಿಲಕ್, ಗೋಖಲೆ ಮೂವರೂ ಇದ್ದರು. ಅಲ್ಲಿ ಚಹಾ, ಬಿಸ್ಕತ್ತು ಕೊಡಲಾಯಿತು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಕ್ರೈಸ್ತರ ಕೈಯ ಚಹಾ ಕುಡಿದರೆಂಬ ದೂರು ಶಂಕರಾಚಾರ್ಯರ ಪೀಠದವರೆಗೂ ಹೋಗಿ ವಿಚಾರಣೆ ನಡೆಯಿತು. ಬಹಿಷ್ಕಾರಕ್ಕೆ ರಾನಡೆ ಸ್ವತಃ ಅಂಜಲಿಲ್ಲ. ಆದರೆ ಮಕ್ಕಳ ಮದುವೆ, ಮನೆಯ ಕಾರ್ಯಗಳು ನಿಂತು ತೊಂದರೆಗೊಳಗಾದ ಮಿತ್ರರ ಒತ್ತಾಯಕ್ಕೆ ಕಿವಿಗೊಟ್ಟು 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ತಮಗೆ ಅರ್ಥವಿಲ್ಲವೆಂದು ತಿಳಿದ ಕ್ರಿಯೆಯನ್ನು ಪರರ ಸಂಕಟಕ್ಕಾಗಿ ಮಾಡಿದ್ದು ಸರಿಯೇ? ಅವರ ಸುಧಾರಕ ಶಿಷ್ಯರಿಗೆ ಅದು ಆಘಾತ ತಂದಿತು. ಪ್ರಾಯಶ್ಚಿತ್ತದಿಂದ ಸಂಪ್ರದಾಯಸ್ಥರು ಅವರನ್ನು ನಂಬಲಿಲ್ಲ, ಅದಿಲ್ಲದಿದ್ದರೆ ಮಿತ್ರರ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ.

ಇಂತಹ ಹೊಂದಾಣಿಕೆಗಳ ಹಿಂದೆ ಒಂದು ಚಿಂತನೆಯೂ ಇತ್ತು. ಸುಧಾರಣೆಗೆ ನಾಲ್ಕು ದಾರಿಗಳನ್ನು ಅವರು ಗುರುತಿಸಿದ್ದರು: ಶಾಸ್ತ್ರಗಳಿಗೆ ಹೊಸ ವ್ಯಾಖ್ಯಾನ, ಮನಸ್ಸಾಕ್ಷಿಗೆ ಮನವಿ, ಕಾನೂನು ಮತ್ತು ಬಂಡಾಯ. ಕೊನೆಯದು ಸಮಾಜದ ಎಳೆಯನ್ನೇ ಕಡಿದುಹಾಕುತ್ತದೆ ಎಂಬ ಕಾರಣಕ್ಕೆ ಅವರು ಮೊದಲ ಮೂರನ್ನು ನೆಚ್ಚಿದರು. 1887ರಲ್ಲಿ ಆರಂಭವಾದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಮೂಲಕ ವರ್ಷವರ್ಷವೂ ಅದನ್ನೇ ಸಾರಿದರು. ವಿವಾಹಿತ ಬಾಲಕಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾಯಿದೆಯನ್ನು ಧರ್ಮದಲ್ಲಿ ಹಸ್ತಕ್ಷೇಪವೆಂದು ತಿಲಕರು ವಿರೋಧಿಸಿದಾಗ ರಾನಡೆ ಅದರ ಪರ ನಿಂತರು. 1895ರ ಪುಣೆ ಕಾಂಗ್ರೆಸ್ಸಿನ ಚಪ್ಪರದಲ್ಲಿ ಸಾಮಾಜಿಕ ಪರಿಷತ್ತು ಸೇರಕೂಡದೆಂದು ಗಲಾಟೆ ಎದ್ದಾಗ ಜಗಳಕ್ಕಿಳಿಯದೆ ಬೇರೆಡೆ ಸಭೆ ನಡೆಸಿದರು.

1901ರ ಜನವರಿ 16ರಂದು, ಐವತ್ತೊಂಬತ್ತು ತುಂಬಲು ಎರಡು ದಿನವಿರುವಾಗ, ಅವರು ತೀರಿಕೊಂಡರು. ಪ್ರಾರ್ಥನಾ ಸಮಾಜದ ಮತ್ತು ಸಾಮಾಜಿಕ ಪರಿಷತ್ತಿನ ಹೊಣೆಯನ್ನು ನಂತರ ಹೊತ್ತವರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್. ಅದೇ ವರ್ಷ ಅವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು. ರಾನಡೆಯವರ ಶಿಷ್ಯ ಗೋಖಲೆ 1905ರಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಹನ್ನೊಂದರ ವಯಸ್ಸಿನಲ್ಲಿ ಅಕ್ಷರ ಕಲಿಯತೊಡಗಿದ ರಮಾಬಾಯಿ 1909ರಲ್ಲಿ ಪುಣೆಯಲ್ಲಿ ಸೇವಾಸದನವನ್ನು ಕಟ್ಟಿ, ವಿಧವೆಯರೂ ಸೇರಿದಂತೆ ಅನೇಕ ಹೆಣ್ಣುಮಕ್ಕಳಿಗೆ ದಾದಿಯರ ತರಬೇತಿ, ವಿದ್ಯೆ, ಉದ್ಯೋಗಗಳ ದಾರಿ ತೆರೆದರು. ಆತ್ಮಕಥನವನ್ನೂ ಬರೆದರು. 1943ರಲ್ಲಿ ಪುಣೆಯಲ್ಲಿ ರಾನಡೆಯವರ ಜನ್ಮದಿನದ ಉಪನ್ಯಾಸ ನೀಡಿದ ಅಂಬೇಡ್ಕರರು, ರಾಜಕೀಯ ಸ್ವಾತಂತ್ರ್ಯಕ್ಕಿಂತ ಮೊದಲು ಸಮಾಜವನ್ನು ಸರಿಪಡಿಸಬೇಕೆಂದ ಅವರ ಪ್ರಾಮಾಣಿಕತೆಯನ್ನು ಮೆಚ್ಚಿದರು. ಬಂಡಾಯದ ದಾರಿ ಹಿಡಿದ ಅಂಬೇಡ್ಕರರಿಂದ ಬಂದ ಈ ಮೆಚ್ಚುಗೆ ಸಣ್ಣದಲ್ಲ.

1976ರ ತಿದ್ದುಪಡಿಯು ವೈಜ್ಞಾನಿಕ ಮನೋಭಾವದ ಬೆಳವಣಿಗೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಮೂಢಾಚರಣೆಗಳ ವಿರುದ್ಧ ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾನೂನು ಮಾಡಿದವು. ಆದರೆ ರಾನಡೆ ವಾದ ಮಾಡಿದ ಅದೇ ಪುಣೆಯಲ್ಲಿ 2013ರ ಆಗಸ್ಟಿನಲ್ಲಿ ನರೇಂದ್ರ ದಾಭೋಲ್ಕರರನ್ನೂ, ಧಾರವಾಡದಲ್ಲಿ 2015ರ ಆಗಸ್ಟಿನಲ್ಲಿ ಎಂ.ಎಂ. ಕಲಬುರ್ಗಿಯವರನ್ನೂ ಗುಂಡಿಟ್ಟು ಕೊಲ್ಲಲಾಯಿತು. ಹತ್ತೊಂಬತ್ತನೆಯ ಶತಮಾನದ ಪುಣೆ ರಾನಡೆಯವರನ್ನು ಬಹಿಷ್ಕರಿಸಿತು, ಲೇವಡಿ ಮಾಡಿತು. ಆದರೆ ಎದುರು ಕುಳಿತು ವಾದವನ್ನಾದರೂ ಮಾಡಿತು. ಆ ಒಂದು ಅಂಶದಲ್ಲಿ ನಾವು ಹಿಂದೆ ಸರಿದಿದ್ದೇವೆ.

ರಾನಡೆಯವರ ಬದುಕಿನಿಂದ ಸಿದ್ಧ ಸೂತ್ರವೇನೂ ದೊರೆಯುವುದಿಲ್ಲ. ದೇವರಲ್ಲಿ ನಂಬಿಕೆಯಿಟ್ಟವನೂ ಶಾಸ್ತ್ರವನ್ನು ಪರೀಕ್ಷಿಸಬಹುದು ಎಂಬುದನ್ನು ಅವರು ತೋರಿಸಿದರು. ವಿಚಾರ ಎಷ್ಟೇ ಸ್ಪಷ್ಟವಾಗಿದ್ದರೂ ಮನೆಯೊಳಗೆ ಅದು ಮುಗ್ಗರಿಸಬಹುದು ಎಂಬುದನ್ನೂ ತೋರಿಸಿದರು. ನಮ್ಮಲ್ಲಿ ಬಹುಪಾಲು ಮಂದಿ ಸಭೆಯಲ್ಲಿ ಸುಧಾರಕರು, ಮನೆಯಲ್ಲಿ ಸಂಪ್ರದಾಯಸ್ಥರು. ಆ ಅಂತರವನ್ನು ಸಮರ್ಥಿಸಿಕೊಳ್ಳುವುದರಲ್ಲಿಯೇ ನಮ್ಮ ಬುದ್ಧಿಯೆಲ್ಲ ಸವೆಯುತ್ತದೆ. ರಾನಡೆ ಸಮರ್ಥಿಸಿಕೊಳ್ಳಲಿಲ್ಲ. ದಿನದ ಕೆಲಸ ಮುಗಿಸಿ ಬಂದು, ಮಂದವಾದ ಕಣ್ಣುಗಳಿಂದ ದೀಪದ ಬೆಳಕಿನಲ್ಲಿ ಒಬ್ಬ ಬಾಲಕಿಗೆ ಅಕ್ಷರ ಕಲಿಸಿದರು.