ಹೊಳೆಯುವ ಹೆಬ್ಬೆರಳಿನ ತತ್ತ್ವಜ್ಞಾನಿ

ಬೇಸಿಗೆ ರಜೆ ಮುಗಿಸಿ ಬಂದ ನನ್ನ ವಿದ್ಯಾರ್ಥಿಯೊಬ್ಬ ಕನ್ನಡ ತರಗತಿಗೆ ಒಂದು ಫೋಟೋ ತಂದಿದ್ದ. ತಂದೆತಾಯಿಯರ ಜೊತೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರ್ಗಿಗೆ ಹೋಗಿದ್ದನಂತೆ. ಫೋಟೋದಲ್ಲಿ ದೊಡ್ಡದೊಂದು ಕಂಚಿನ ಪ್ರತಿಮೆಯ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ನಗುತ್ತಾ ನಿಂತಿದ್ದಾನೆ. ಪ್ರತಿಮೆಯೆಲ್ಲ ಮಂಕಾಗಿದೆ, ಆ ಹೆಬ್ಬೆರಳು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನಂತೆ ಥಳಥಳ ಹೊಳೆಯುತ್ತಿದೆ. ಅದನ್ನು ಉಜ್ಜಿದರೆ ಅದೃಷ್ಟ ಒಲಿಯುತ್ತದೆ, ವಿದ್ಯೆ ಹತ್ತುತ್ತದೆ ಎಂಬುದು ಅಲ್ಲಿಯ ವಿದ್ಯಾರ್ಥಿಗಳಲ್ಲಿ ಬೆಳೆದು ಬಂದ ನಂಬಿಕೆ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ ಎದುರಿಗಿರುವ ಹುಡುಗ ಬಿಡುತ್ತಾನೆಯೇ?

ಇದು ಯಾರ ಪ್ರತಿಮೆಯಪ್ಪಾ ಎಂದು ಕೇಳಿದೆ. ಯಾರೋ ಗ್ರೀಕ್ ದೇವರಿರಬೇಕು ಎಂದ. ಅವನದೇನೂ ತಪ್ಪಿಲ್ಲ. ಶಿಲ್ಪಿ ಅಲೆಕ್ಸಾಂಡರ್ ಸ್ಟಾಡರ್ಟ್ 1990ರ ದಶಕದಲ್ಲಿ ಮಾಡಿದ ಆ ಪ್ರತಿಮೆ ಪ್ರಾಚೀನ ಗ್ರೀಕರ ಉಡುಪಿನಲ್ಲಿದೆ. ಅರೆಬೆತ್ತಲೆ ಎದೆ, ಬರಿಗಾಲು, ಕೈಯಲ್ಲಿ ಏನೂ ಬರೆಯದ ಒಂದು ಹಲಗೆ. ಬಲಗಾಲಿನ ಹೆಬ್ಬೆರಳು ಪೀಠದ ಅಂಚಿನಿಂದ ಸ್ವಲ್ಪ ಹೊರಗೆ ಚಾಚಿಕೊಂಡಿದೆ, ಹಿಡಿಯುವವರಿಗೆ ಅನುಕೂಲವಾಗಲೆಂಬಂತೆ! ಆದರೆ ಅದು ದೇವರಲ್ಲ, ಡೇವಿಡ್ ಹ್ಯೂಮ್ ಎಂಬ ತತ್ತ್ವಜ್ಞಾನಿ. ಶಕುನ, ಪವಾಡ, ಮೂಢನಂಬಿಕೆ ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪಬಾರದೆಂದು ಜೀವನವಿಡೀ ಬರೆದವನು. ಅವನ ಹೆಬ್ಬೆರಳೇ ಅದೃಷ್ಟದ ಬೆರಳಾಯಿತು ನೋಡಿ. ಅವನ ಕಥೆಯನ್ನು ಅಂದು ತರಗತಿಯಲ್ಲಿ ಅರ್ಧ ಹೇಳಿದ್ದೆ. ಉಳಿದರ್ಧ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಎಡಿನ್‌ಬರ್ಗ್ ನಗರದಲ್ಲಿ. ಬೆಳೆದದ್ದು ಇಂಗ್ಲೆಂಡಿನ ಗಡಿಗೆ ಹತ್ತಿರವಿದ್ದ ನೈನ್‌ವೆಲ್ಸ್ ಎಂಬ ಕುಟುಂಬದ ಜಮೀನಿನಲ್ಲಿ. ಮಗು ಎರಡು ವರ್ಷದ್ದಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕ ವಯಸ್ಸಿನ ತಾಯಿ ಕ್ಯಾಥರೀನ್ ಮರುಮದುವೆಯಾಗದೆ ಮೂರು ಮಕ್ಕಳನ್ನು ಬೆಳೆಸಿದಳು. ಆಸ್ತಿಯೆಲ್ಲ ಅಲ್ಲಿಯ ಪದ್ಧತಿಯಂತೆ ಹಿರಿಯ ಮಗನಿಗೆ, ಕಿರಿಯ ಡೇವಿಡ್‌ಗೆ ಸಿಗುತ್ತಿದ್ದುದು ಅಲ್ಪ. ಆದ್ದರಿಂದ ಅವನು ವಕೀಲನಾಗಲಿ ಎಂದು ಮನೆಯವರು ತೀರ್ಮಾನಿಸಿದರು. ಅಣ್ಣನ ಜೊತೆ ಹತ್ತು ಹನ್ನೊಂದರ ವಯಸ್ಸಿಗೇ ಎಡಿನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿದ. ಆ ಕಾಲದಲ್ಲಿ ಅದು ತೀರಾ ವಿಚಿತ್ರವಲ್ಲ. ಪದವಿ ಪಡೆಯದೆಯೇ ಹೊರಬಂದ, ಅದೂ ಆಗ ಸಾಮಾನ್ಯವೇ. ಮನೆಯಲ್ಲಿ ಕಾನೂನು ಪುಸ್ತಕ ಓದುತ್ತಿದ್ದಾನೆಂದು ಎಲ್ಲರೂ ತಿಳಿದಿದ್ದರೆ, ಹುಡುಗ ಲ್ಯಾಟಿನ್ ಕವಿ ವರ್ಜಿಲ್ ಮತ್ತು ಸಿಸೆರೋನನ್ನು ಓದುತ್ತಾ ಕುಳಿತಿರುತ್ತಿದ್ದ. ಪೋಷಕರೇ, ಇಂಜಿನಿಯರಿಂಗ್ ಪುಸ್ತಕದೊಳಗೆ ಕಾದಂಬರಿ ಇಟ್ಟು ಓದುವುದು ನಮ್ಮ ಮಕ್ಕಳು ಕಂಡುಹಿಡಿದ ವಿದ್ಯೆಯಲ್ಲ!

ಹದಿನೆಂಟರ ವಯಸ್ಸಿನಲ್ಲಿ ಒಂದು ಅನಾಹುತವಾಯಿತು. ತತ್ತ್ವಶಾಸ್ತ್ರದಲ್ಲಿ ತನಗೆ ಹೊಸದೊಂದು ದಾರಿ ಹೊಳೆದಿದೆ ಎಂಬ ಉತ್ಸಾಹದಲ್ಲಿ ಹಗಲಿರುಳು ಓದಿದ. ಕೆಲವೇ ತಿಂಗಳಲ್ಲಿ ಉತ್ಸಾಹವೆಲ್ಲ ಆರಿಹೋಯಿತು. ಪುಸ್ತಕ ತೆರೆದರೆ ಮನಸ್ಸು ನಿಲ್ಲದು, ದೇಹ ಸೊರಗಿತು, ಬೆರಳುಗಳ ಮೇಲೆ ಕಲೆಗಳು ಕಾಣಿಸಿಕೊಂಡವು. ವೈದ್ಯನು ನಗುತ್ತಾ, ಇದು ವಿದ್ವಾಂಸರಿಗೆ ಬರುವ ಕಾಯಿಲೆ ಎಂದು ಹೇಳಿ, ಕಹಿ ಔಷಧಿ ಕೊಟ್ಟು, ದಿನವೂ ಕುದುರೆ ಸವಾರಿ ಮಾಡಲು ಹೇಳಿದ. ಮುಂದೆ ಹಸಿವು ಒಮ್ಮೆಲೇ ತೆರೆದುಕೊಂಡಿತು. ಕಡ್ಡಿಯಂತಿದ್ದ ಯುವಕ ಆರೇ ವಾರಗಳಲ್ಲಿ ಕೆಂಪುಕೆಂಪಾಗಿ ಉಬ್ಬಿಹೋದ. ಅಂದು ಬಂದ ಆ ಮೈ ಮತ್ತೆ ಅವನನ್ನು ಬಿಡಲಿಲ್ಲ. (ಪ್ರತಿಮೆಯ ಗಟ್ಟಿಮುಟ್ಟಾದ ಎದೆ ಶಿಲ್ಪಿಯ ಔದಾರ್ಯ!) ಆದರೆ ಮನಸ್ಸಿನ ಆಯಾಸ ಪೂರ್ತಿ ಇಳಿಯಲು ನಾಲ್ಕೈದು ವರ್ಷಗಳೇ ಬೇಕಾದವು. 1734ರಲ್ಲಿ ವೈದ್ಯನೊಬ್ಬನಿಗೆಂದು ತನ್ನ ಸ್ಥಿತಿಯನ್ನೆಲ್ಲ ವಿವರಿಸಿ ದೀರ್ಘವಾದ ಪತ್ರ ಬರೆದ. ಅಂಕಗಳ ಬಗ್ಗೆ ಮಾತ್ರ ಕೇಳುವ ನಮಗೆ, ಮಕ್ಕಳು ಇಂಥ ಪತ್ರವನ್ನು ಯಾರಿಗೆ ಬರೆಯಬೇಕು ಎಂದು ನಾನು ಆಗಾಗ ಯೋಚಿಸುವುದುಂಟು.

ಓದು ಬಿಟ್ಟು ಬೇರೆ ಕೆಲಸ ಮಾಡಿದರೆ ಸರಿಹೋದೀತೆಂದು ಬ್ರಿಸ್ಟಲ್ ನಗರದ ಸಕ್ಕರೆ ವ್ಯಾಪಾರಿಯೊಬ್ಬನಲ್ಲಿ ಗುಮಾಸ್ತನಾದ. ಯಜಮಾನನ ಪತ್ರಗಳಲ್ಲಿದ್ದ ಭಾಷೆಯ ತಪ್ಪುಗಳನ್ನು ತಿದ್ದಲು ಹೋಗಿ ಕೆಲಸ ಕಳೆದುಕೊಂಡನೆಂದು ಹೇಳುತ್ತಾರೆ. ಭಾಷಾ ಶಿಕ್ಷಕಿಯಾದ ನನಗೆ ಅವನ ಮೇಲೆ ಮೊದಲು ಪ್ರೀತಿ ಬಂದದ್ದು ಈ ಸಂಗತಿಯಿಂದ. ಇದೇ ಸಮಯದಲ್ಲಿ ತನ್ನ ಮನೆತನದ ಹೆಸರನ್ನು ಉಚ್ಚರಿಸಿದಂತೆಯೇ ಬರೆಯಲು ಪ್ರಾರಂಭಿಸಿದ. ಅಲ್ಲಿಯವರೆಗೆ ಅದನ್ನು ಹೋಮ್ ಎಂದು ಬರೆದು ಹ್ಯೂಮ್ ಎಂದು ಓದಬೇಕಿತ್ತು. ಇಂಗ್ಲಿಷರ ಬಾಯಲ್ಲಿ ಅದು ಕೆಡುತ್ತಿತ್ತು. ಪರದೇಶದಲ್ಲಿ ದಿನಕ್ಕೆ ನಾಲ್ಕು ಬಾರಿ ತಮ್ಮ ಹೆಸರನ್ನು ಬಿಡಿಸಿ ಹೇಳುವ ನಮಗೆ ಇದು ಅರ್ಥವಾಗದ ಕಷ್ಟವೇನಲ್ಲ.

ಅಲ್ಲಿಂದ ಫ್ರಾನ್ಸಿಗೆ ಹೋದ. ಕಡಿಮೆ ಖರ್ಚಿನಲ್ಲಿ ಬದುಕಬಹುದಾದ ಲಾ ಫ್ಲೆಶ್ ಎಂಬ ಚಿಕ್ಕ ಊರಿನಲ್ಲಿ ನೆಲೆಸಿದ. ಹಿಂದೆ ಡೆಕಾರ್ಟ್ ಓದಿದ ಶಾಲೆ ಅಲ್ಲೇ ಇತ್ತು. ಅಲ್ಲಿ ಕುಳಿತು, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಮನುಷ್ಯ ಸ್ವಭಾವವನ್ನು ಕುರಿತ ಮಹಾಗ್ರಂಥವನ್ನು ಬರೆದ. ಪ್ರಕಾಶಕ ಐವತ್ತು ಪೌಂಡು ಕೊಟ್ಟು ಸಾವಿರ ಪ್ರತಿ ಅಚ್ಚು ಹಾಕಿಸುವ ಒಪ್ಪಂದವಾಯಿತು. ಗ್ರಂಥ 1739 ಮತ್ತು 1740ರಲ್ಲಿ ಹೊರಬಂದಿತು. ಯಾರೂ ಕಣ್ಣೆತ್ತಿ ನೋಡಲಿಲ್ಲ. ಬೈಗಳಾದರೂ ಬರಬಹುದೆಂದು ಕಾದಿದ್ದ ಲೇಖಕನಿಗೆ ಅದೂ ಸಿಕ್ಕಿದ್ದು ಅಷ್ಟಕ್ಕಷ್ಟೆ. ತಾಯಿಯ ಮನೆಗೆ ಹಿಂದಿರುಗಿ ಸಣ್ಣ ಪ್ರಬಂಧಗಳನ್ನು ಬರೆದ. ಅವು ಓಡಿದವು.

ಆ ಗ್ರಂಥದಲ್ಲಿ ಅಂಥದ್ದೇನಿತ್ತು? ಮಕ್ಕಳೇ, ಕೇರಂ ಆಟವನ್ನು ನೆನಪಿಸಿಕೊಳ್ಳಿ. ಸ್ಟ್ರೈಕರ್ ಹೋಗಿ ಕಾಯಿಗೆ ತಗಲುತ್ತದೆ, ಕಾಯಿ ಓಡುತ್ತದೆ. ಸ್ಟ್ರೈಕರ್ ಕಾಯಿಯನ್ನು ಓಡಿಸಿತು ಎನ್ನುತ್ತೇವೆ. ನಿಜವಾಗಿ ನಾವು ಕಣ್ಣಾರೆ ಕಂಡದ್ದೇನು? ಒಂದು ತಗಲಿತು, ಆಮೇಲೆ ಇನ್ನೊಂದು ಓಡಿತು, ಅಷ್ಟೇ. ನಡುವೆ ಇರುವ ಕಟ್ಟುಪಾಡು, ಓಡಲೇಬೇಕು ಎಂಬ ಬಲವಂತ, ಯಾರ ಕಣ್ಣಿಗೂ ಬಿದ್ದಿಲ್ಲ. ನೂರು ಸಲ ಹಾಗೆ ಆಗಿದ್ದನ್ನು ನೋಡಿ ನೂರೊಂದನೆಯ ಸಲವೂ ಹಾಗೆಯೇ ಆಗುತ್ತದೆಂದು ಮನಸ್ಸು ಕಾಯುತ್ತದೆ. ಹಾಗೆ ಕಾಯುವುದು ತರ್ಕವಲ್ಲ, ಅಭ್ಯಾಸ ಎಂದು ಹ್ಯೂಮ್ ತೋರಿಸಿದ. ಅಭ್ಯಾಸವಿಲ್ಲದೆ ಬದುಕಲು ಸಾಧ್ಯವಿಲ್ಲ ಎಂದೂ ಒಪ್ಪಿಕೊಂಡ. ಅನ್ನ ತಿಂದರೆ ಹಸಿವು ಹೋಗುತ್ತದೆಂಬುದೂ ಅನುಭವದಿಂದ ಬಂದ ನಂಬಿಕೆಯೇ. ಆದರೆ ನೂರು ಸಲ ನೋಡಿದ್ದಕ್ಕೂ ಒಂದೇ ಸಲ ನೋಡಿದ್ದಕ್ಕೂ ವ್ಯತ್ಯಾಸವಿದೆಯಲ್ಲ? ನಾನು ಬಿ.ಎಡ್. ಪರೀಕ್ಷೆಯನ್ನು ಪೂರ್ತಿ ಒಂದೇ ನೀಲಿ ಪೆನ್ನಿನಲ್ಲಿ ಬರೆದವಳು. ಮೊದಲ ಪತ್ರಿಕೆ ಸುಲಭವಾಗಿತ್ತು, ಅದು ಪೆನ್ನಿನ ಗುಣವೆಂದು ಗಟ್ಟಿಯಾಗಿ ನಂಬಿದ್ದೆ. ಹೆಬ್ಬೆರಳು ಉಜ್ಜಿ ಪಾಸಾದವರು ಊರಿಗೆಲ್ಲ ಹೇಳುತ್ತಾರೆ. ಉಜ್ಜಿಯೂ ಫೇಲಾದವರು ಸುಮ್ಮನಿರುತ್ತಾರೆ. ಇಬ್ಬರನ್ನೂ ಎಣಿಸಬೇಕೆಂಬುದು ಹ್ಯೂಮ್ ದಾರಿ. ಪವಾಡಗಳ ಕುರಿತು 1748ರಲ್ಲಿ ಅವನು ಪ್ರಕಟಿಸಿದ ಅಧ್ಯಾಯದ ತಿರುಳೂ ಹೆಚ್ಚುಕಡಿಮೆ ಇದೇ. ಸಾಕ್ಷಿ ಎಷ್ಟಿದೆಯೋ ನಂಬಿಕೆಯೂ ಅಷ್ಟೇ ಇರಲಿ ಎಂಬ ವಾದ.

ಈ ವಾದಕ್ಕೆ ಅವನು ಬೆಲೆ ತೆತ್ತ. 1745ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗುವ ಅವಕಾಶ ನಾಸ್ತಿಕನೆಂಬ ಆರೋಪದಿಂದ ತಪ್ಪಿತು. ಕೆಲವು ವರ್ಷಗಳ ನಂತರ ಗ್ಲಾಸ್ಗೋದಲ್ಲೂ ಹಾಗೆಯೇ ಆಯಿತು. ಯೂರೋಪಿನ ದೊಡ್ಡ ತತ್ತ್ವಜ್ಞಾನಿಗೆ ಕೊನೆಯವರೆಗೂ ಒಂದು ಮೇಷ್ಟ್ರ ಕೆಲಸ ಸಿಗಲಿಲ್ಲ! ಬುದ್ಧಿಭ್ರಮಣೆಯಾಗಿದ್ದ ಶ್ರೀಮಂತನೊಬ್ಬನಿಗೆ ಪಾಠ ಹೇಳುವವನಾಗಿ, ಸೇನಾಪತಿಯೊಬ್ಬನ ಕಾರ್ಯದರ್ಶಿಯಾಗಿ ಹೊಟ್ಟೆ ಹೊರೆದ. 1752ರಲ್ಲಿ ಎಡಿನ್‌ಬರ್ಗಿನ ವಕೀಲರ ಗ್ರಂಥಾಲಯದಲ್ಲಿ ಗ್ರಂಥಪಾಲಕನಾದ. ಸಂಬಳ ವರ್ಷಕ್ಕೆ ನಲವತ್ತು ಪೌಂಡು, ಆದರೆ ಪುಸ್ತಕಗಳೆಲ್ಲ ಕೈಗೆಟುಕುತ್ತಿದ್ದವು. ಅವನು ತರಿಸಿದ ಮೂರು ಫ್ರೆಂಚ್ ಪುಸ್ತಕಗಳು ಸಭ್ಯವಲ್ಲವೆಂದು ಆಡಳಿತದವರು ತೆಗೆಸಿಹಾಕಿದಾಗ ಅವನಿಗೆ ಅವಮಾನವಾಯಿತು. ಕೆಲಸ ಬಿಟ್ಟರೆ ಪುಸ್ತಕಗಳು ತಪ್ಪುತ್ತವೆ, ಇದ್ದರೆ ಮಾನ ಹೋಗುತ್ತದೆ. ಹುದ್ದೆಯಲ್ಲಿ ಉಳಿದು, ಸಂಬಳವನ್ನು ಥಾಮಸ್ ಬ್ಲ್ಯಾಕ್‌ಲಾಕ್ ಎಂಬ ಅಂಧ ಕವಿಗೆ ಬಿಟ್ಟುಕೊಟ್ಟ.

ಅಲ್ಲಿಯ ಪುಸ್ತಕಗಳ ನೆರವಿನಿಂದ ಬರೆದದ್ದೇ ಆರು ಸಂಪುಟಗಳ ಇಂಗ್ಲೆಂಡಿನ ಇತಿಹಾಸ. ಮೊದಲ ಸಂಪುಟ ಲಂಡನ್ನಿನಲ್ಲಿ ವರ್ಷಕ್ಕೆ ನಲವತ್ತೈದು ಪ್ರತಿ ಮಾತ್ರ ಖರ್ಚಾಯಿತೆಂದು ಪ್ರಕಾಶಕ ತಿಳಿಸಿದಾಗ ಹ್ಯೂಮ್ ಕುಗ್ಗಿಹೋದ. 1762ರಲ್ಲಿ ಕೊನೆಯ ಸಂಪುಟಗಳು ಬರುವ ಹೊತ್ತಿಗೆ ಚಿತ್ರ ಬದಲಾಗಿತ್ತು. ಅವನ ಕಾಲದವರು ಅವನನ್ನು ಹೆಚ್ಚಾಗಿ ಇತಿಹಾಸಕಾರನೆಂದೇ ಗುರುತಿಸುತ್ತಿದ್ದರು, ಹಣವೂ ಬಂದಿತು. 1763ರಿಂದ ಪ್ಯಾರಿಸ್ಸಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿದ್ದಾಗ ಅಲ್ಲಿಯ ವಿದ್ವತ್ ವಲಯ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ದೊಡ್ಡ ಹೊಟ್ಟೆಯ, ಒರಟು ಫ್ರೆಂಚ್ ಮಾತನಾಡುವ ಈ ಸ್ಕಾಟ್ಲೆಂಡಿನವನನ್ನು ಅವರು ಸಜ್ಜನ ಡೇವಿಡ್ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಹಿಂದಿರುಗುವಾಗ, ಸ್ವಂತ ನೆಲೆಯಿಲ್ಲದೆ ಅಲೆಯುತ್ತಿದ್ದ ರೂಸೋನನ್ನು 1766ರಲ್ಲಿ ಇಂಗ್ಲೆಂಡಿಗೆ ಕರೆತಂದು ಆಶ್ರಯ ಕೊಡಿಸಿದ. ಕೆಲವೇ ತಿಂಗಳಲ್ಲಿ ರೂಸೋ ಅನುಮಾನದ ಮೇಲೆ ಅನುಮಾನಪಟ್ಟು, ಹ್ಯೂಮ್ ತನ್ನ ವಿರುದ್ಧ ಪಿತೂರಿ ನಡೆಸಿದ್ದಾನೆಂದು ದೂರಿದ. ಸಜ್ಜನ ಡೇವಿಡ್ ತಾಳ್ಮೆ ಕಳೆದುಕೊಂಡು, ಇಬ್ಬರ ಪತ್ರಗಳನ್ನೂ ಅಚ್ಚು ಹಾಕಿಸಿಬಿಟ್ಟ. ಮೌನವಾಗಿದ್ದಿದ್ದರೆ ಚೆನ್ನಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪೊಂದಿದೆ. ತರಗತಿಯಲ್ಲಿ ಹೇಳದೆ ಬಿಟ್ಟದ್ದು ಅದನ್ನೇ, ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ರಾಷ್ಟ್ರಗಳ ಸ್ವಭಾವ ಕುರಿತ ಪ್ರಬಂಧಕ್ಕೆ 1753ರಲ್ಲಿ ಸೇರಿಸಿದ ಅಡಿಟಿಪ್ಪಣಿಯೊಂದರಲ್ಲಿ, ಕಪ್ಪು ಜನರು, ಅಷ್ಟೇ ಅಲ್ಲ, ಬಿಳಿಯರಲ್ಲದ ಎಲ್ಲ ಜನಾಂಗಗಳೂ ಹುಟ್ಟಿನಿಂದಲೇ ಕೆಳಗಿನವರಿರಬೇಕು ಎಂಬ ಅರ್ಥದಲ್ಲಿ ಹ್ಯೂಮ್ ಬರೆದಿದ್ದಾನೆ. ಆ ಎಲ್ಲರಲ್ಲಿ ನಾವೂ ಇದ್ದೇವೆ. ಯೌವನದಲ್ಲಿ ಅವನು ಗುಮಾಸ್ತನಾಗಿದ್ದ ಬ್ರಿಸ್ಟಲ್ಲಿಗೆ ಸಕ್ಕರೆ ಬರುತ್ತಿದ್ದುದು ಗುಲಾಮರ ಬೆವರಿನಿಂದ. ಎಲ್ಲದಕ್ಕೂ ಸಾಕ್ಷಿ ಕೇಳಿದವನು ಇಲ್ಲಿ ಸಾಕ್ಷಿ ಕೇಳಲಿಲ್ಲ. ಕಾಲ ಹಾಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಅವನದೇ ದೇಶದ ಜೇಮ್ಸ್ ಬೀಟಿ ಎಂಬ ಪ್ರಾಧ್ಯಾಪಕ 1770ರಲ್ಲೇ ಮೆಕ್ಸಿಕೋ ಮತ್ತು ಪೆರು ಸಾಮ್ರಾಜ್ಯಗಳ ಉದಾಹರಣೆ ಕೊಟ್ಟು ಅದನ್ನು ಖಂಡಿಸಿದ್ದ. ಹ್ಯೂಮ್ ಆ ಟಿಪ್ಪಣಿಯ ಮಾತುಗಳನ್ನು ಕೊನೆಗಾಲದಲ್ಲಿ ತಿದ್ದಿದನೇ ಹೊರತು ತೆಗೆದುಹಾಕಲಿಲ್ಲ. 2020ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯವು ಅವನ ಹೆಸರಿನಲ್ಲಿದ್ದ ಎತ್ತರದ ಕಟ್ಟಡದಿಂದ ಆ ಹೆಸರನ್ನು ತೆಗೆಯಿತು. ಸರಿಯೋ ತಪ್ಪೋ ಎಂದು ಅಲ್ಲಿ ದೊಡ್ಡ ಚರ್ಚೆಯಾಯಿತು. ಮನೆಯಲ್ಲಿ ನೀವೂ ಚರ್ಚಿಸಿ.

1769ರಲ್ಲಿ ಹ್ಯೂಮ್ ಊರಿಗೆ ಮರಳಿದ. ಮದುವೆಯಾಗಿರಲಿಲ್ಲ, ಅಕ್ಕ ಜೊತೆಗಿದ್ದಳು. ಅಡುಗೆ ಕಲಿತು ಕುರಿತಲೆಯ ಸಾರು ಮಾಡಿ ಗೆಳೆಯರಿಗೆ ಬಡಿಸುತ್ತಿದ್ದ. ಅವನನ್ನು ಚರ್ಚಿನಿಂದ ಬಹಿಷ್ಕರಿಸಬೇಕೆಂದು ಕೆಲವರು ಹಿಂದೆ ಪ್ರಯತ್ನಿಸಿದ್ದರೂ, ಅವನ ಮನೆಯಲ್ಲಿ ಊಟ ಮಾಡುತ್ತಿದ್ದವರಲ್ಲಿ ಪಾದ್ರಿಗಳು ಬಹಳ! ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಾಗಿನ ಒಂದು ಕಥೆಯನ್ನು ಎಡಿನ್‌ಬರ್ಗಿನವರು ಈಗಲೂ ಹೇಳುತ್ತಾರೆ. ದಾರಿಯ ಜೌಗಿನಲ್ಲಿ ಕಾಲು ಜಾರಿ ಸಿಕ್ಕಿಬಿದ್ದ ಭಾರದ ದೇಹ ಮೇಲೇಳಲಾರದಾಯಿತು. ದಾರಿಯಲ್ಲಿ ಬಂದ ಮೀನು ಮಾರುವ ಹೆಂಗಸು ಅವನ ಗುರುತು ಹಿಡಿದು, ದೇವರ ಪ್ರಾರ್ಥನೆ ಹೇಳಿದರೆ ಮಾತ್ರ ಕೈಕೊಡುತ್ತೇನೆಂದಳು. ಹ್ಯೂಮ್ ತಡಮಾಡದೆ ಹೇಳಿ ಮೇಲೆ ಬಂದ. ಎಡಿನ್‌ಬರ್ಗಿನಲ್ಲೇ ಅತಿ ಚುರುಕಾದ ಧರ್ಮಪಂಡಿತೆ ಅವಳೇ ಎಂದು ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದನಂತೆ.

1775ರ ಸುಮಾರಿಗೆ ಹೊಟ್ಟೆಯ ಕಾಯಿಲೆ ಕಾಣಿಸಿತು, ವಾಸಿಯಾಗುವಂಥದ್ದಲ್ಲ ಎಂದು ತಿಳಿಯಿತು. 1776ರ ಜುಲೈನಲ್ಲಿ ಜೇಮ್ಸ್ ಬಾಸ್ವೆಲ್ ನೋಡಲು ಬಂದ. ಸಾವು ಎದುರಿಗಿದ್ದಾಗಲಾದರೂ ಈ ಮನುಷ್ಯ ಪರಲೋಕವನ್ನು ನಂಬುತ್ತಾನೆಯೇ ಎಂಬುದು ಅವನ ಕುತೂಹಲ. ಹ್ಯೂಮ್ ಕೃಶನಾಗಿದ್ದ, ಆದರೆ ನಗುನಗುತ್ತಾ ಮಾತನಾಡಿದ, ತನ್ನ ಅಭಿಪ್ರಾಯ ಬದಲಾಗಿಲ್ಲವೆಂದ. ಕಂಗಾಲಾದವನು ಬಾಸ್ವೆಲ್. ಗೆಳೆಯ ಆಡಮ್ ಸ್ಮಿತ್ ಬರೆದ ಅರ್ಥಶಾಸ್ತ್ರದ ಮಹಾಗ್ರಂಥ ಅದೇ ವರ್ಷ ಹೊರಬಂದಿತ್ತು, ಅದನ್ನು ಓದಿ ಸಂತೋಷಪಡುವಷ್ಟು ಕಾಲ ಹ್ಯೂಮ್ ಬದುಕಿದ. ಆಗಸ್ಟ್ 25ರಂದು ತೀರಿಕೊಂಡ. ಯಾರೂ ಕೇಳದಿದ್ದ ಅವನ ಮೊದಲ ಗ್ರಂಥ ಮುಂದೆ ತತ್ತ್ವಶಾಸ್ತ್ರದ ಪಠ್ಯವಾಯಿತು. ಅವನ ವಿಚಾರಗಳು ಜರ್ಮನಿಯ ಕಾಂಟ್‌ನನ್ನು ಬಡಿದೆಬ್ಬಿಸಿದವು. ಸಾಪೇಕ್ಷತಾ ಸಿದ್ಧಾಂತಕ್ಕೆ ಮುಂಚೆ ಅವನನ್ನು ಓದಿದ್ದು ನೆರವಾಯಿತೆಂದು ಐನ್‌ಸ್ಟೈನ್ ಒಪ್ಪಿಕೊಂಡಿದ್ದಾನೆ.

ನಾಸ್ತಿಕನ ಸಮಾಧಿಯನ್ನು ಯಾರಾದರೂ ಕೆಡಿಸಿಯಾರೆಂದು ಗೆಳೆಯರು ಕೆಲವು ರಾತ್ರಿ ಕಾವಲು ಹಾಕಿಸಿದ್ದರಂತೆ. ಹಳೆಯ ಕಾಲ್ಟನ್ ಸ್ಮಶಾನದಲ್ಲಿರುವ ಆ ಗುಂಡನೆಯ ಕಟ್ಟಡದ ಮೇಲೆ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ ಇಷ್ಟು ಸಾಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಪ್ರತಿಮೆಯಿರುವ ರಾಯಲ್ ಮೈಲ್ ಬೀದಿಯಿಂದ ಅಲ್ಲಿಗೆ ನಡೆದೇ ಹೋಗಬಹುದು. ನನ್ನ ವಿದ್ಯಾರ್ಥಿಗೆ ಅದು ಗೊತ್ತಿರಲಿಲ್ಲ. ಮುಂದಿನ ಸಲ ಹೋದರೆ ಅದರದೂ ಫೋಟೋ ತರುತ್ತೇನೆ ಎಂದಿದ್ದಾನೆ.