ಕಾರ್ವರ್ ಎಂಬ ಕೃಷಿ ಶಿಕ್ಷಕ ಮತ್ತು ನಿಮ್ಮ ಹಿತ್ತಲಿನ ಗೆಣಸು

ದಾಂಡೇಲಿಯ ಅಂಬೇವಾಡಿಯಲ್ಲಿಯೋ ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿಯೋ ವಾಸಿಸುವ ನಿಮಗೆ ಗೆಡ್ಡೆ-ಗೆಣಸುಗಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಜೋಯಿಡಾದ ಕುಣಬಿ ಸಮುದಾಯದವರು ಹತ್ತಾರು ಬಗೆಯ ಗೆಡ್ಡೆಗಳನ್ನು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಗೆಡ್ಡೆ-ಗೆಣಸು ಮೇಳವೂ ನಡೆಯುತ್ತದೆ. ಆದರೆ ಪಟ್ಟಣದ ಅನೇಕ ಮನೆಗಳಲ್ಲಿ ಸಿಹಿಗೆಣಸು ಏಕಾದಶಿ, ಶಿವರಾತ್ರಿಗಳ ಹಿಂದಿನ ದಿನ ಸಂತೆಯಿಂದ ತರುವ ಪದಾರ್ಥವಾಗಿಯಷ್ಟೇ ಉಳಿದಿದೆ. ಅದನ್ನು ದಿನನಿತ್ಯದ ಆಹಾರವೆಂದು ಗೌರವಿಸಿ, ಬೆಳೆಯುವ ಕ್ರಮ ಮತ್ತು ಬೇಯಿಸುವ ಕ್ರಮ ಎರಡನ್ನೂ ಒಂದೇ ಕಿರುಹೊತ್ತಿಗೆಯಲ್ಲಿ ಬಡ ರೈತರ ಕೈಗಿತ್ತವರೊಬ್ಬರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಾರ್ವರ್ ಹುಟ್ಟಿದ್ದು ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ, 1864ರ ಸುಮಾರಿಗೆ. ತಾಯಿ ಮೇರಿ ಮೋಸೆಸ್ ಕಾರ್ವರ್ ಎಂಬ ರೈತನ ಗುಲಾಮಳಾಗಿದ್ದಳು. ಗುಲಾಮರ ಮಕ್ಕಳ ಜನ್ಮದಿನವನ್ನು ಬರೆದಿಡುವ ಪದ್ಧತಿ ಅಲ್ಲಿರಲಿಲ್ಲ. ಅಂತರ್ಯುದ್ಧದ ಆ ದಿನಗಳಲ್ಲಿ ದರೋಡೆಕೋರರು ತಾಯಿ ಮತ್ತು ಹಸುಗೂಸನ್ನು ಅಪಹರಿಸಿದರು. ಒಂದು ಕುದುರೆಯನ್ನು ಕೊಟ್ಟು ಮಗುವನ್ನು ಬಿಡಿಸಿಕೊಂಡರೆಂದು ಹೇಳುತ್ತಾರೆ. ತಾಯಿ ಮರಳಿ ಸಿಗಲೇ ಇಲ್ಲ.

ಬಾಲಕ ಅಶಕ್ತನಾಗಿದ್ದುದರಿಂದ ಹೊಲದ ದುಡಿಮೆಗೆ ಕಳುಹಿಸದೆ ಮನೆಗೆಲಸಕ್ಕೆ ಇಟ್ಟುಕೊಂಡರು. ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ, ಕೈತೋಟದ ಆರೈಕೆ ಇವೇ ಅವನ ಮೊದಲ ಪಾಠಗಳಾದವು. ಮುಂದೆ ಈ ವಿಜ್ಞಾನಿ ಬೆಳೆಯ ಜೊತೆಗೆ ಒಲೆಯನ್ನೂ ಮರೆಯದಿದ್ದುದಕ್ಕೆ ಕಾರಣವನ್ನು ನಾನು ಇಲ್ಲಿಯೇ ಕಾಣುತ್ತೇನೆ. ನಮ್ಮಂತಹ ಬೇಸಾಯ ವಿಜ್ಞಾನಿಗಳು ಎಕರೆಗೆ ಎಷ್ಟು ಇಳುವರಿ ಎಂಬಲ್ಲಿಗೆ ಮಾತು ನಿಲ್ಲಿಸುತ್ತೇವೆ. ಅವರು ತಟ್ಟೆಯವರೆಗೂ ಹೋಗುತ್ತಿದ್ದರು.

ಓದಿಗಾಗಿ ಅವರು ಊರೂರು ಅಲೆದರು. ಕ್ಯಾನ್ಸಸ್‌ನ ಕಾಲೇಜೊಂದು ಪತ್ರದ ಮೂಲಕ ಪ್ರವೇಶ ಕೊಟ್ಟು, ಎದುರಿಗೆ ಬಂದು ನಿಂತಾಗ ಕಪ್ಪು ಬಣ್ಣವನ್ನು ಕಂಡು ಹಿಂದಕ್ಕೆ ಕಳುಹಿಸಿತು. 1890ರಲ್ಲಿ ಅಯೋವಾದ ಸಿಂಪ್ಸನ್ ಕಾಲೇಜನ್ನು ಸೇರಿದ್ದು ಚಿತ್ರಕಲೆ ಕಲಿಯಲೆಂದು. ಗಿಡಗಳ ಮೇಲಿನ ಅವರ ಒಲವನ್ನು ಗುರುತಿಸಿದ ಚಿತ್ರಕಲಾ ಶಿಕ್ಷಕಿಯೇ ಕೃಷಿ ವಿದ್ಯಾಭ್ಯಾಸದ ದಾರಿ ತೋರಿದರು. ಏಮ್ಸ್‌ನ ಕೃಷಿ ಕಾಲೇಜಿನಲ್ಲಿ 1894ರಲ್ಲಿ ಪದವಿಯನ್ನೂ 1896ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅಲ್ಲಿಯೇ ಉಳಿದಿದ್ದರೆ ಶಿಲೀಂಧ್ರಶಾಸ್ತ್ರಜ್ಞರಾಗಿ ನೆಮ್ಮದಿಯ ಬದುಕು ಸಾಗಿಸಬಹುದಿತ್ತು. ಅದೇ ವರ್ಷ ಬುಕರ್ ಟಿ. ವಾಷಿಂಗ್ಟನ್ ಅವರ ಕರೆಗೆ ಓಗೊಟ್ಟು ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕೆಗೀ ಸಂಸ್ಥೆಗೆ ಹೊರಟರು. ಅಲ್ಲಿ ಸುಸಜ್ಜಿತ ಪ್ರಯೋಗಾಲಯವಿರಲಿಲ್ಲ; ಎಸೆದ ಬಾಟಲಿ, ಡಬ್ಬಿಗಳನ್ನು ವಿದ್ಯಾರ್ಥಿಗಳಿಂದ ಆರಿಸಿ ತರಿಸಿ ಉಪಕರಣಗಳನ್ನು ಮಾಡಿಕೊಂಡರು.

ಅಲ್ಲಿನ ರೈತರ ಸ್ಥಿತಿಯನ್ನು ನೀವು ಗಮನಿಸಬೇಕು. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು, ಸಾಲದಲ್ಲಿ ಮುಂದುವರಿದಿತ್ತು. ಗೇಣಿ ರೈತ ಮನೆಯ ಬಾಗಿಲಿನವರೆಗೂ ಹತ್ತಿ ಬಿತ್ತುತ್ತಿದ್ದ. ತಿನ್ನುವ ಹಿಟ್ಟು, ಉಪ್ಪುಮಾಂಸಗಳನ್ನು ಅಂಗಡಿಯಿಂದ ಸಾಲವಾಗಿ ತರುತ್ತಿದ್ದ. ಹತ್ತಿಯ ನಂತರ ಹತ್ತಿ ಬೆಳೆದು ಮಣ್ಣು ಸತ್ವ ಕಳೆದುಕೊಂಡಿತ್ತು. ಅಂಗಡಿಯ ಸಾಲವನ್ನು ಕಡಿಮೆ ಮಾಡಬೇಕಾದರೆ ಊಟ ಹಿತ್ತಲಿನಿಂದಲೇ ಬರಬೇಕು ಎಂಬುದನ್ನು ಕಾರ್ವರ್ ಕಂಡುಕೊಂಡರು. ಮಣ್ಣಿಗೆ ಸಾರಜನಕ ಸೇರಿಸಲು ಅಲಸಂದೆ ಮತ್ತು ಶೇಂಗಾ, ಹೊಟ್ಟೆಗೆ ಸಿಹಿಗೆಣಸು. ಕೊಳ್ಳುವ ಗೊಬ್ಬರದ ಬದಲು ಕಾಡಿನ ಎಲೆ ಮತ್ತು ಜೌಗು ನೆಲದ ಕೊಳೆತ ಮಣ್ಣನ್ನು ಬಳಸಲು ಹೇಳಿದರು. 1898ರಲ್ಲಿಯೇ ಗೆಣಸಿನ ಪ್ರಯೋಗಗಳ ಕುರಿತು ಪ್ರಕಟಣೆ ಹೊರತಂದರು. 1906ರಿಂದ ಕುದುರೆ ಗಾಡಿಯಲ್ಲಿ ಕೃಷಿ ಸಲಕರಣೆಗಳನ್ನು ಹೇರಿಕೊಂಡು ಟಸ್ಕೆಗೀಯ ಪಾಠ ಹಳ್ಳಿಗಳಿಗೇ ಹೋಗತೊಡಗಿತು. ಇಂದು ನಮ್ಮ ಕೃಷಿ ವಿಜ್ಞಾನ ಕೇಂದ್ರಗಳು ರೈತರ ಹೊಲದಲ್ಲಿ ನಡೆಸುವ ಪ್ರಾತ್ಯಕ್ಷಿಕೆಗಳ ಹಳೆಯ ರೂಪವದು.

ಮೊದಲನೆಯ ಮಹಾಯುದ್ಧದಲ್ಲಿ ಗೋಧಿಯ ಅಭಾವವಾದಾಗ ಗೆಣಸಿನ ಹಿಟ್ಟನ್ನು ಬೆರೆಸಿದ ರೊಟ್ಟಿ ಟಸ್ಕೆಗೀಯ ಭೋಜನಶಾಲೆಯಲ್ಲಿ ಬಳಕೆಗೆ ಬಂತು. 1918ರಲ್ಲಿ ಸರ್ಕಾರ ಅವರನ್ನು ರಾಜಧಾನಿಗೆ ಕರೆಸಿಕೊಂಡಿತು. ಯುದ್ಧ ಮುಗಿದೊಡನೆ ಆ ಆಸಕ್ತಿಯೂ ಮುಗಿಯಿತು. ಗೆಣಸಿನಿಂದ ನೂರಕ್ಕೂ ಹೆಚ್ಚು ಉತ್ಪನ್ನಗಳನ್ನು ಅವರು ತಯಾರಿಸಿದರೆಂದು ನೀವು ಓದಿರಬಹುದು. ಅವುಗಳಲ್ಲಿ ಬಹುಪಾಲು ಮಾರುಕಟ್ಟೆಯನ್ನು ಕಾಣಲೇ ಇಲ್ಲ ಎಂಬುದನ್ನೂ ಹೇಳಬೇಕು. ಅವರ ಹೆಸರಿನಲ್ಲಿರುವ ಪೇಟೆಂಟುಗಳು ಮೂರೇ. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರೂ ಅವರಲ್ಲ. ನನ್ನ ಅಭಿಪ್ರಾಯದಲ್ಲಿ ಆ ಉದ್ದನೆಯ ಪಟ್ಟಿಗಿಂತ 1922ರ ಅವರ ಕಿರುಹೊತ್ತಿಗೆಯೇ ದೊಡ್ಡದು. ಗೆಣಸನ್ನು ಕೆಡದಂತೆ ಇಡುವುದು ಮತ್ತು ಊಟಕ್ಕೆ ಸಿದ್ಧಪಡಿಸುವುದು ಹೇಗೆಂದು ಅದರಲ್ಲಿ ಸರಳವಾಗಿ ವಿವರಿಸಿದ್ದಾರೆ.

ಅದರಲ್ಲಿ ಅವರು ಮೆಚ್ಚಿ ಹೇಳಿರುವ ಒಂದು ಕ್ರಮ ಗೆಣಸನ್ನು ಬಿಸಿ ಬೂದಿಯಲ್ಲಿ ಹುದುಗಿಸಿ ಸುಡುವುದು. ನಿಮ್ಮ ಅಜ್ಜಿಯೂ ಬಚ್ಚಲ ಒಲೆಯಲ್ಲಿ ಅದನ್ನೇ ಮಾಡಿರುತ್ತಾರೆ. ಇದರ ಹಿಂದೆ ವಿಜ್ಞಾನವಿದೆ. ಗೆಣಸು ನಿಧಾನವಾಗಿ ಬಿಸಿಯಾಗುತ್ತ 60ರಿಂದ 75 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚು ಹೊತ್ತು ಇದ್ದಾಗ ಅದರೊಳಗಿನ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಪರಿವರ್ತಿಸುತ್ತದೆ. ಕುಕ್ಕರಿನಲ್ಲಿ ಬೇಗ ಬೆಂದ ಗೆಣಸು ಅಷ್ಟು ಸಿಹಿಯಾಗದಿರುವುದು ಈ ಕಾರಣದಿಂದ. ಆದ್ದರಿಂದ ಹೋಳಿಗೆಯ ಹೂರಣಕ್ಕೆ ಗೆಣಸನ್ನು ಸಿಪ್ಪೆಸಮೇತ, ಇಡಿಯಾಗಿ, ಸಣ್ಣ ಉರಿಯಲ್ಲಿ ಬೇಯಿಸಿರಿ. ಬೆಲ್ಲ ಕಡಿಮೆ ಸಾಕು.

ಬೆಳೆಯುವ ವಿಚಾರಕ್ಕೆ ಬಂದರೆ, ಅಂಬೇವಾಡಿಯಂತಹ ಮಳೆಯ ಪ್ರದೇಶದಲ್ಲಿ ನೀರು ನಿಲ್ಲದ, ಬಿಸಿಲು ಬೀಳುವ ಜಾಗ ಮುಖ್ಯ. ಜೂನ್-ಜುಲೈನಲ್ಲಿ 60 ಸೆಂ.ಮೀ. ಅಂತರದ ಎತ್ತರದ ಬೋದುಗಳನ್ನು ಮಾಡಿ, ಬಳ್ಳಿಯ ತುದಿಯ 20-30 ಸೆಂ.ಮೀ. ತುಂಡುಗಳನ್ನು 20 ಸೆಂ.ಮೀ.ಗೆ ಒಂದರಂತೆ, ನಡುವಿನ ಗೆಣ್ಣುಗಳು ಮಣ್ಣಿನಲ್ಲಿರುವಂತೆ ನೆಡಿರಿ. ಹಿತ್ತಲಲ್ಲಿ ಬಿದ್ದ ದರಕು ಮತ್ತು ಕೊಟ್ಟಿಗೆ ಗೊಬ್ಬರವನ್ನು ಚೆನ್ನಾಗಿ ಕೊಳೆಸಿ ಹಾಕಿರಿ. ಯೂರಿಯಾ ಹೆಚ್ಚಾದರೆ ಬಳ್ಳಿ ಹಬ್ಬುತ್ತದೆ, ಗೆಡ್ಡೆ ಕಟ್ಟುವುದಿಲ್ಲ. ಹಬ್ಬಿದ ಬಳ್ಳಿಯನ್ನು ಆಗಾಗ ಎತ್ತಿ ಮಗುಚಿದರೆ ಗೆಣ್ಣುಗಳಲ್ಲಿ ಬೇರು ಬಿಡುವುದಿಲ್ಲ. ಗೆಣಸಿನ ಮೂತಿಹುಳು ಮಣ್ಣಿನ ಬಿರುಕುಗಳ ಮೂಲಕ ಗೆಡ್ಡೆಯನ್ನು ಸೇರುವುದರಿಂದ ಮಣ್ಣು ಏರಿಸುವುದನ್ನು ತಪ್ಪಿಸಬೇಡಿ. ಅದೇ ಜಾಗದಲ್ಲಿ ಪ್ರತಿವರ್ಷ ಗೆಣಸನ್ನೇ ನೆಡಬೇಡಿ. ಕಾಡುಹಂದಿಯ ಕಾಟವಿರುವಲ್ಲಿ ಮನೆಗೆ ಅಂಟಿಕೊಂಡ ಜಾಗವೋ ಮಣ್ಣು ತುಂಬಿದ ಗೋಣಿಚೀಲವೋ ಲೇಸು. ಮಕ್ಕಳಿರುವ ಮನೆಯವರು ಬೀಟಾ ಕ್ಯಾರೋಟಿನ್ ಹೇರಳವಾಗಿರುವ ಕಿತ್ತಳೆ ತಿರುಳಿನ ಭೂ ಸೋನಾ ತಳಿಯ ಬಳ್ಳಿ ದೊರೆತರೆ ಬಿಡಬೇಡಿ.

ಸುಮಾರು ನಾಲ್ಕು ತಿಂಗಳಿಗೆ ಗೆಡ್ಡೆ ಕೀಳಬಹುದು. ಕಿತ್ತ ಗೆಡ್ಡೆಯನ್ನು ತೊಳೆಯದೆ, ಗಾಯವಾದವನ್ನು ಬೇರ್ಪಡಿಸಿ, ಉಳಿದವನ್ನು ಬೆಚ್ಚಗಿನ ನೆರಳಿನಲ್ಲಿ ಒಂದು ವಾರ ಹರಡಿಡಿ. ಸಿಪ್ಪೆ ಗಟ್ಟಿಯಾಗಿ ಗೆರೆಗಾಯಗಳು ಮಾಯುತ್ತವೆ, ರುಚಿಯೂ ಏರುತ್ತದೆ.

ಕಾರ್ವರ್ 47 ವರ್ಷ ಟಸ್ಕೆಗೀಯಲ್ಲಿಯೇ ಉಳಿದರು. ಮದುವೆಯಾಗಲಿಲ್ಲ, ಉಳಿತಾಯವನ್ನೆಲ್ಲ ಸಂಶೋಧನೆಗಾಗಿ ತಮ್ಮ ಹೆಸರಿನ ಪ್ರತಿಷ್ಠಾನಕ್ಕೆ ಕೊಟ್ಟರು. 1943ರ ಜನವರಿ 5ರಂದು ನಿಧನರಾದಾಗ ಬುಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಅದೇ ವರ್ಷ ಅವರ ಹುಟ್ಟೂರಿನ ಹೊಲವನ್ನು, ತಾಯಿಯನ್ನು ಕಳೆದುಕೊಂಡ ಅದೇ ನೆಲವನ್ನು, ಅಮೆರಿಕ ಸರ್ಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.