ರಾಜಾಜಿನಗರದ ರಾಜಾಜಿ ಮತ್ತು ಆತ್ಮಸಾಕ್ಷಿಯ ಬೆಲೆ

ಕರಾವಳಿಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ನಮ್ಮ ಎಷ್ಟೋ ಕುಟುಂಬಗಳು ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ನೆಲೆಸಿವೆ. ಬಸವೇಶ್ವರ ಯಾರೆಂದು ಅಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ರಾಜಾಜಿ ಯಾರು ಎಂದು ಕೇಳಿದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. 1972ರ ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತ ಜಯಂತಿಯ ಸಂಭ್ರಮದಲ್ಲಿದ್ದ ದಿನವೇ, 94 ವರ್ಷದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಮದ್ರಾಸಿನಲ್ಲಿ ತೀರಿಕೊಂಡರು.

ಅವರು ಕ್ರೈಸ್ತರಲ್ಲ, ನಿಷ್ಠಾವಂತ ವೈಷ್ಣವರು. ಹಾಗಿದ್ದೂ ನಮ್ಮ ಪುಟದಲ್ಲಿ ಅವರ ಬಗ್ಗೆ ಬರೆಯಲು ಕಾರಣವಿದೆ. ಆತ್ಮಸಾಕ್ಷಿಗೆ ನಿಷ್ಠರಾಗಿ ಸತ್ಯವನ್ನು ಹುಡುಕುವ ಕೆಲಸದಲ್ಲಿ ಕ್ರೈಸ್ತರು ಉಳಿದೆಲ್ಲ ಜನರೊಂದಿಗೆ ಒಂದಾಗಿದ್ದಾರೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ನಮಗೆ ಕಲಿಸಿದೆ.

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸೇಲಂನಲ್ಲಿ ವಕೀಲರಾಗಿ ಚೆನ್ನಾಗಿ ಸಂಪಾದಿಸುತ್ತಿದ್ದವರು ಗಾಂಧೀಜಿಯ ಕರೆಗೆ ಓಗೊಟ್ಟು ವಕೀಲಿ ಬಿಟ್ಟು ಜೈಲಿಗೆ ಹೋದರು. 1925ರಲ್ಲಿ ತಿರುಚೆಂಗೋಡಿನ ಹತ್ತಿರ ಆಶ್ರಮ ಕಟ್ಟಿ ದಲಿತರ ಜೊತೆ ಬಾಳಿದರು. 1933ರಲ್ಲಿ ಅವರ ಮಗಳು ಲಕ್ಷ್ಮಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾದಾಗ ಇಬ್ಬರೂ ಬೀಗರಾದರು. ಈ ಬೀಗತನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಏಕೆಂದರೆ 1942 ಬಂತು. ಜಪಾನಿನ ಸೈನ್ಯ ಬರ್ಮಾ ದಾಟಿ ಬಾಗಿಲಿಗೆ ಬರುತ್ತಿದೆ ಎಂಬ ಭಯ ದೇಶದಲ್ಲಿತ್ತು. ಮುಸ್ಲಿಂ ಲೀಗಿನ ಪ್ರತ್ಯೇಕತೆಯ ಬೇಡಿಕೆಯನ್ನು ತತ್ವದ ಮಟ್ಟದಲ್ಲಿ ಒಪ್ಪಿ, ಇಬ್ಬರೂ ಸೇರಿ ರಾಷ್ಟ್ರೀಯ ಸರಕಾರ ರಚಿಸಿ ದೇಶವನ್ನು ಕಾಪಾಡೋಣ ಎಂಬುದು ರಾಜಾಜಿಯವರ ವಾದ. ಅಲಹಾಬಾದಿನ ಕಾಂಗ್ರೆಸ್ ಸಭೆಯಲ್ಲಿ ಅವರ ಪರ ಬಿದ್ದದ್ದು 15 ಮತ, ವಿರುದ್ಧ 120. ಪಕ್ಷವನ್ನೂ ಶಾಸನಸಭೆಯ ಸ್ಥಾನವನ್ನೂ ಅವರು ಬಿಟ್ಟರು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಗೆಳೆಯರೆಲ್ಲ ಜೈಲು ಸೇರಿದಾಗ, ಹಿಂದೆ ಹಲವು ಬಾರಿ ಜೈಲು ಕಂಡ ಈ ಮನುಷ್ಯ ಹೊರಗೇ ಉಳಿದರು. ದ್ರೋಹಿ ಎಂದು ಬೈಸಿಕೊಂಡರು. ಪೊಲೀಸರಿಗೆ ಕೈಚಾಚಿ ಒಳಗೆ ಹೋಗಿಬಿಟ್ಟಿದ್ದರೆ ಹೂಮಾಲೆ ಸಿಗುತ್ತಿತ್ತು.

ಅವರ ಎಣಿಕೆ ಸರಿಯೋ ತಪ್ಪೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನಮ್ಮನ್ನು ತಟ್ಟುವುದು ಬೇರೆ ವಿಷಯ. ಬೀಗರ ವಿರುದ್ಧವೇ ನಿಂತವರು ಬೀಗರನ್ನು ಬಿಡಲಿಲ್ಲ. 1944ರಲ್ಲಿ ಅವರು ಸಿದ್ಧಪಡಿಸಿದ ಸೂತ್ರವನ್ನೇ ಇಟ್ಟುಕೊಂಡು ಗಾಂಧೀಜಿ ಜಿನ್ನಾರೊಡನೆ ಮಾತುಕತೆಗೆ ಕುಳಿತರು. ಮಾತುಕತೆ ಫಲಿಸಲಿಲ್ಲ, ಸ್ನೇಹ ಉಳಿಯಿತು. (ನಮ್ಮ ಇಗರ್ಜಿಗಳ ಪಾಲನಾ ಮಂಡಳಿಗಳಲ್ಲಿ ಒಂದು ಲೆಕ್ಕಪತ್ರದ ವಿಷಯಕ್ಕೆ ಮುನಿಸಿಕೊಂಡವರು ಹತ್ತು ವರ್ಷ ಮಾತು ಬಿಡುವುದನ್ನು ಕಂಡ ನಮಗೆ ಇದು ಸಣ್ಣ ಸಂಗತಿಯಲ್ಲ.) ಮುಂದೆ 1948ರ ಜೂನ್‌ನಿಂದ 1950ರ ಜನವರಿವರೆಗೆ ಅವರು ದೇಶದ ಗವರ್ನರ್ ಜನರಲ್ ಆದರು. ಆ ಹುದ್ದೆಗೇರಿದ ಏಕೈಕ ಭಾರತೀಯ.

ಅಧಿಕಾರ ಕೈಗೆ ಬಂದಾಗ ಆತ್ಮಸಾಕ್ಷಿಗೆ ಕಣ್ಣು ಮಂಜಾಗುವುದೂ ಉಂಟು. ಮದ್ರಾಸಿನ ಪ್ರಧಾನಿಯಾಗಿದ್ದಾಗ 1939ರಲ್ಲಿ ದಲಿತರ ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆ ಕೊಟ್ಟ ಅದೇ ರಾಜಾಜಿ, ಶಾಲೆಗಳಲ್ಲಿ ಹಿಂದಿ ಹೇರಿಕೆಯನ್ನು ವಿರೋಧಿಸಿದವರನ್ನು ಜೈಲಿಗೆ ಹಾಕಿದರು. ಅದಕ್ಕೆ ಬಳಸಿದ್ದು ಕಾಂಗ್ರೆಸ್ಸೇ ಹಿಂದೆ ಖಂಡಿಸಿದ್ದ ಬ್ರಿಟಿಷರ ಕಾನೂನು. 1953ರಲ್ಲಿ ಮುಖ್ಯಮಂತ್ರಿಯಾಗಿ ಶಾಲೆಯ ಸಮಯವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಕಸುಬು ಕಲಿಯಲಿ ಎಂದರು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಜಾಡಮಾಲಿಯ ಮಗ ಜಾಡಮಾಲಿಯಾಗಿಯೇ ಉಳಿಯಬೇಕೇ ಎಂದು ಜನ ಸಿಡಿದೆದ್ದರು. ಜನರ ಸಿಟ್ಟು ನ್ಯಾಯವಾಗಿತ್ತು ಎಂದೇ ನಾವು ಹೇಳುತ್ತೇವೆ. 1954ರಲ್ಲಿ ಅವರು ಕುರ್ಚಿ ಬಿಟ್ಟರು, ಬಳಿಕ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಒಳ್ಳೆಯ ಮನಸ್ಸಿದ್ದರೆ ಸಾಲದು, ಬಡವನ ಮಗುವಿನ ಜಾಗದಲ್ಲಿ ನಿಂತು ನೋಡಲು ಆತ್ಮಸಾಕ್ಷಿಗೂ ತರಬೇತಿ ಬೇಕು. ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿಸುವುದೂ ಇದನ್ನೇ ತಾನೆ?

ಮುಪ್ಪಿನಲ್ಲಿ ಅವರನ್ನು ಬಹಳ ಕಾಡಿದ್ದು ಅಣುಬಾಂಬು. 1962ರ ಸೆಪ್ಟೆಂಬರ್‌ನಲ್ಲಿ, 83ನೇ ವಯಸ್ಸಿನಲ್ಲಿ, ಮೊದಲ ಬಾರಿ ಪಾಶ್ಚಾತ್ಯ ದೇಶಗಳಿಗೆ ಪಯಣಿಸಿ, ಗಾಂಧಿ ಶಾಂತಿ ಪ್ರತಿಷ್ಠಾನದ ಪರವಾಗಿ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕಂಡರು. ಅಣುಪರೀಕ್ಷೆಗಳನ್ನು ನಿಲ್ಲಿಸಿ ಎಂಬುದೊಂದೇ ಕೋರಿಕೆ. ಜೊತೆಗಿದ್ದವರು ಇಬ್ಬರೂ ಕನ್ನಡನಾಡಿನವರು ಎಂಬುದು ನಮಗೆ ಹೆಮ್ಮೆ: ಧಾರವಾಡ ಕಡೆಯ ರಂ.ರಾ. ದಿವಾಕರ್, ನಮ್ಮ ಮಂಗಳೂರಿನ ಬೆನಗಲ್ ಶಿವರಾವ್. ಕೆಲವೇ ವಾರಗಳಲ್ಲಿ ಕ್ಯೂಬಾ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಅಂಚಿಗೆ ತಂದಿತು. 1963ರ ಏಪ್ರಿಲ್‌ನಲ್ಲಿ ಪೋಪ್ 23ನೇ ಜಾನ್ ತಮ್ಮ ಪಾಚೆಮ್ ಇನ್ ತೆರಿಸ್ ವಿಶ್ವಪತ್ರದಲ್ಲಿ ಅಣ್ವಸ್ತ್ರ ನಿಷೇಧಕ್ಕೆ ಕರೆ ಕೊಟ್ಟರು. ಆಗಸ್ಟ್‌ನಲ್ಲಿ ಪರೀಕ್ಷೆಗಳನ್ನು ಭಾಗಶಃ ನಿಷೇಧಿಸುವ ಒಪ್ಪಂದಕ್ಕೆ ಮಾಸ್ಕೋದಲ್ಲಿ ಸಹಿ ಬಿತ್ತು. ಭಾರತವೂ ಸಹಿ ಹಾಕಿತು.

2019ರಲ್ಲಿ ಪೋಪ್ ಫ್ರಾನ್ಸಿಸ್ ಹಿರೋಶಿಮಾದಲ್ಲಿ ನಿಂತು, ಅಣ್ವಸ್ತ್ರ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದು ಸಾರಿದರು. 2025ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೂ ಪಾಕಿಸ್ತಾನಕ್ಕೂ ನಾಲ್ಕು ದಿನ ಸಂಘರ್ಷ ನಡೆದಾಗ, ಪೂಜೆ ಮುಗಿಸಿ ಹೊರಬಂದ ನಮ್ಮವರೇ ಇಗರ್ಜಿಯ ಅಂಗಳದಲ್ಲಿ ಬಾಂಬು ಹಾಕಿಬಿಡಬೇಕಿತ್ತು ಎಂದು ಸಲೀಸಾಗಿ ಮಾತಾಡುವುದನ್ನು ಕೇಳಿದ್ದೇವೆ. ಅಂಥ ಮಾತಿನ ನಡುವೆ ಒಬ್ಬರೇ ಬೇಡ ಎನ್ನುವುದು ಎಷ್ಟು ಕಷ್ಟವೆಂಬುದು 15 ಮತ ಪಡೆದ ರಾಜಾಜಿಗೆ ಗೊತ್ತಿತ್ತು.

ಅವರು ತೀರಿಕೊಂಡು ಒಂದೂವರೆ ವರ್ಷ ತುಂಬುವ ಮೊದಲೇ, 1974ರ ಮೇ 18ರಂದು, ಭಾರತ ಪೋಖ್ರಾನಿನಲ್ಲಿ ತನ್ನ ಮೊದಲ ಅಣುಸ್ಫೋಟ ನಡೆಸಿತು.